ಮಿರಗಕ್ಕೆ ಮೊದಲು ಮಾಳಿಗೆ ನೋಡಿ, ಹುಡೇವೂ ನೋಡಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಬಯಲಿನಲ್ಲಿ ಹಲವು ಊರುಗಳ ಗುರುತು ದೂರದಿಂದಲೇ ಸಿಗುತ್ತದೆ. ಎರೆಹೊಲಗಳ ಆಚೆ, ಬೇವಿನ ಮರಗಳ ನಡುವೆ ಗುಂಡನೆಯ ದಪ್ಪ ಗೋಪುರವೊಂದು ಮನೆಗಳ ಮಾಳಿಗೆಗಿಂತ ಎತ್ತರಕ್ಕೆ ನಿಂತಿರುತ್ತದೆ. ಊರವರ ಬಾಯಲ್ಲಿ ಅದು ಹುಡೇವು. ಹೊರಮೈಗೆ ಕಲ್ಲಿನ ಕಟ್ಟು, ಒಳಗೆ ತುಂಬಿ ಧಮ್ಮಸ್ಸು ಮಾಡಿದ ಮಣ್ಣು, ನೆತ್ತಿಯಲ್ಲಿ ಕಾವಲಿನವನು ನಿಂತು ನಾಲ್ಕೂ ದಿಕ್ಕು ನೋಡುವಷ್ಟು ಜಾಗ.

ಹುಡೇವುಗಳದು ಕಾವಲು ಬೇಕಾದ ಕಾಲವೇ. 1565ರ ಜನವರಿಯಲ್ಲಿ ವಿಜಯನಗರದ ಗತಿ ಬದಲಿಸಿದ ಯುದ್ಧದ ಜೊತೆ ಹೆಸರು ಸೇರಿರುವ ರಕ್ಕಸಗಿ, ತಂಗಡಗಿ ಊರುಗಳಿರುವುದು ಇದೇ ಮುದ್ದೇಬಿಹಾಳ ಸೀಮೆಯಲ್ಲಿ. 1686ರಲ್ಲಿ ಬಿಜಾಪುರ, ಅಂದರೆ ಇಂದಿನ ವಿಜಯಪುರ, ಔರಂಗಜೇಬನ ಕೈಸೇರಿತು. ಮುಂದೆ ನಿಜಾಮರು, ಆಮೇಲೆ ಪೇಶ್ವೆಗಳು, ನಡುನಡುವೆ ಪಿಂಡಾರಿಗಳ ಲೂಟಿ. ಧೂಳೆದ್ದದ್ದು ಕಂಡ ಕೂಡಲೇ ಊರನ್ನು ಎಚ್ಚರಿಸಲು ಇಂಥ ಎತ್ತರದ ಜಾಗ ಬೇಕಿತ್ತು. 1818ರಲ್ಲಿ ಪೇಶ್ವೆ ಆಡಳಿತ ಮುಗಿದ ಮೇಲೆ ಹುಡೇವುಗಳ ಕೆಲಸವೂ ನಿಧಾನವಾಗಿ ಮುಗಿಯಿತು. ವಿಜಯಪುರ ನಗರದ ಉಪ್ಪಲಿ ಬುರುಜು 1584ರದು. ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಹಳ್ಳಿಯ ಹುಡೇವಿಗೆ ಬಹುಪಾಲು ಕಡೆ ಒಂದು ಫಲಕವೂ ಇಲ್ಲ.

ಹುಡೇವು ಕಟ್ಟಿದ ಕೈಗಳ ಜಾಣ್ಮೆ ಊರೊಳಗಿನ ಮನೆಗಳಲ್ಲಿ ಇನ್ನೂ ಕಾಣಸಿಗುತ್ತದೆ. ಅವು ಮೇಲ್ಮುದ್ದೆಯ ಮನೆಗಳು, ಜನ ಸುಮ್ಮನೆ ಮಾಳಿಗೆ ಮನೆ ಎನ್ನುತ್ತಾರೆ. ಇಂಡಿ, ಸಿಂದಗಿಯ ಕಡೆ ಗೋಡೆಗೆ ಕಪ್ಪು ಬಸಾಲ್ಟು, ತಾಳಿಕೋಟೆಯ ಸುತ್ತ ಪದರುಪದರಾಗಿ ಏಳುವ ಸುಣ್ಣಕಲ್ಲು. ಕಾಲ ಕೆಳಗೆ ಯಾವ ಕಲ್ಲು ಸಿಕ್ಕಿತೋ ಅದೇ ಮನೆಯ ಮೈಯಾಯಿತು. ಎರಡು ಎರಡೂವರೆ ಅಡಿ ದಪ್ಪದ ಗೋಡೆ ಏಪ್ರಿಲ್, ಮೇ ತಿಂಗಳ ಉರಿಯನ್ನು ಹೊರಗೇ ತಡೆಯುತ್ತದೆ. ಒಳಗೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಮನೆಯ ಅಳತೆಯನ್ನು ಹೇಳುವುದೂ ಕಂಬದಿಂದ ಕಂಬದ ಲೆಕ್ಕದಲ್ಲೇ: ಮೂರು ಅಂಕಣದ್ದು, ಐದು ಅಂಕಣದ್ದು. ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಗೆದ್ದಲು ಹತ್ತದಂತೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು.

ಈ ಮಣ್ಣು ಯಾವುದಾದರೂ ಆದೀತು ಎನ್ನುವಂತಿಲ್ಲ. ಹೊಲದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಾಳಿಗೆಗೆ ಅದು ನಡೆಯದು. ಅದಕ್ಕೆ ಬೇಕಾದದ್ದು ಸವಳು ಮಣ್ಣು, ಇಲ್ಲವೇ ಹಳೆಯ ಊರು ಹಾಳಾದ ಜಾಗದ ಬಿಳಿಛಾಯೆಯ ಹಾಳಮಣ್ಣು. ಮಿರಗ, ಅಂದರೆ ಮೃಗಶಿರ ಮಳೆ, ಕೂಡುವ ಮುನ್ನ ಅದನ್ನು ಹೊತ್ತು ತಂದು, ಹರಡಿ, ಬಡಿದು, ನೀರು ದೋಣಿಯ ಕಡೆ ಇಳಿಯುವಂತೆ ಇಳಿಜಾರು ಕೊಡಬೇಕು. ಬೆಳಕಿಂಡಿಯ ಸುತ್ತ ತುಸು ಎತ್ತರಿಸಬೇಕು. ಹುಲ್ಲು ಎದ್ದಿದ್ದರೆ ಬೇರು ಸಮೇತ ಕೀಳಬೇಕು, ಬೇರು ಇಳಿದ ದಾರಿಯಲ್ಲೇ ನೀರೂ ಇಳಿಯುತ್ತದೆ.

ಈ ಕಟ್ಟುವ ಜಾಣ್ಮೆಯನ್ನು ಹಳೆಯ ಬರಹದಲ್ಲಿ ಹುಡುಕುವುದು ಕಷ್ಟ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬ ಶಾಸನ ಸಿಕ್ಕಿದೆ. ಅಲ್ಲಿದ್ದ ಶಾಲೆಯನ್ನೂ ವಿದ್ಯಾರ್ಥಿಗಳಿಗೆಂದು ಇದ್ದ 27 ವಸತಿಮನೆಗಳನ್ನೂ ಅದು ಹೆಸರಿಸುತ್ತದೆ. ಆದರೆ ಈ ಸೀಮೆಯ ಸಾಮಾನ್ಯರು ಮನೆ ಹೇಗೆ ಕಟ್ಟಿದರು ಎಂಬುದನ್ನು ಆ ಶಾಸನ ಹೇಳುವುದಿಲ್ಲ. ಅದನ್ನು ನಿಂತಿರುವ ಮನೆಗಳಿಂದಲೇ ಓದಬೇಕು. ಉಳಿದ ಗೋಡೆಗಳ ಬಗ್ಗೆ ಕಾಳಜಿ ಬೇಕಿರುವುದು ಅದಕ್ಕೇ.

ಆದರೆ ಅದೇ ಗೋಡೆ ಜೀವವನ್ನೂ ತೆಗೆಯುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥವೇ ಮನೆಗಳಡಿ. ವರ್ಷವರ್ಷ ಹಳೆಯ ಮಣ್ಣು ತೆಗೆಯದೆ ಹೊಸದನ್ನು ಹಾಕುತ್ತ ಹೋದ ಮಾಳಿಗೆಗಳು ವಿಪರೀತ ಭಾರವಾಗಿದ್ದವು. ಗೋಡೆಯ ಒಳಮೈ, ಹೊರಮೈಗಳನ್ನು ಹಿಡಿದಿಡುವ ಉದ್ದ ಕಲ್ಲುಗಳಿಲ್ಲದೆ ಎರಡೂ ಮೈ ಬೇರ್ಪಟ್ಟು ಉರುಳಿದವು. ಮಾಳಿಗೆಯ ಭಾರವನ್ನು ಮರದ ಕಂಬಗಳು ಹೊತ್ತಿದ್ದ ಕಡೆ ಗೋಡೆ ಬಿದ್ದರೂ ಚೌಕಟ್ಟು ನಿಂತ ಉದಾಹರಣೆಗಳಿವೆ. ಹಳೆಯ ಬಡಿಗರ ಅಂಕಣದ ಲೆಕ್ಕಕ್ಕೆ ಸಿಕ್ಕ ಮನ್ನಣೆ ಅದು.

ಭೂಕಂಪ ಅಪರೂಪ, ಮಳೆ ಹಾಗಲ್ಲ. ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. 2009ರ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿದುಕೊಂಡಾಗ ಉತ್ತರ ಕರ್ನಾಟಕದ ಉದ್ದಕ್ಕೂ ಮಣ್ಣಿನ ಮನೆಗಳು ಕುಸಿದವು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಸೀಮೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಮಳೆ ನಿಂತ ಮೇಲೂ ಗೋಡೆ ಬೀಳುತ್ತದೆ ಎಂಬುದು ನೆನಪಿರಬೇಕು: ನೀರು ಕುಡಿದ ಮಣ್ಣಿಗೆ ಭಾರ ಹೆಚ್ಚು, ಹಿಡಿತ ಕಡಿಮೆ.

ಹುಡೇವು ಕುಸಿಯುವ ಬಗೆಯೂ ಇದೇ. ನೆತ್ತಿಯ ಬಿರುಕಿನಲ್ಲಿ ನೀರು ಇಳಿಯುತ್ತದೆ, ಬುಡದ ಕಲ್ಲು, ಮಣ್ಣು ಯಾರದೋ ಮನೆಗೆ, ಹೊಲಕ್ಕೆ ಹೋಗುತ್ತದೆ, ನಡುವೆ ಹೊಟ್ಟೆ ಉಬ್ಬಿ ಒಂದು ದಿನ ಮಗ್ಗುಲು ಕಳಚುತ್ತದೆ. ಇಂಗ್ಲೆಂಡಿನ ಸಮುದ್ರದಂಚಿನ ಊರುಗಳಲ್ಲಿ ಕಡಲ ದಿಬ್ಬ ಕುಸಿಯುವುದೂ ಹೀಗೆಯೇ. ಅಲ್ಲಿ ಬುಡ ಕೊರೆಯುವುದು ತೆರೆ. ಸಫೋಕ್ ಕರಾವಳಿಯ ಡನಿಚ್ ಒಂದು ಕಾಲದ ದೊಡ್ಡ ಬಂದರು. ಅಲ್ಲಿಯ ಆಲ್ ಸೇಂಟ್ಸ್ ಚರ್ಚು 1904ರಿಂದ ತುಂಡುತುಂಡಾಗಿ ದಿಬ್ಬದಿಂದ ಜಾರುತ್ತ 1919ರ ಹೊತ್ತಿಗೆ ಗೋಪುರವನ್ನೂ ಕಳೆದುಕೊಂಡಿತು. ಕಡಲನ್ನು ತಡೆಯುವುದು ಅವರಿಗೆ ಕಷ್ಟವಿತ್ತು. ಹುಡೇವಿನ ಬುಡ ಕೊರೆಯುವುದು ನಮ್ಮದೇ ಸಲಿಕೆ, ಗುದ್ದಲಿ.

ಬಿರುಕು ಕಂಡ ಕೂಡಲೇ ಜೆಸಿಬಿ ತರಿಸಿ ನೆಲಸಮ ಮಾಡುವುದೊಂದೇ ದಾರಿಯಲ್ಲ. ಹಾಗೆಂದು ಚರಿತ್ರೆಯ ಹೆಸರಿನಲ್ಲಿ ಹೊಟ್ಟೆ ಉಬ್ಬಿದ ಗೋಡೆಯ ಪಕ್ಕದಲ್ಲಿ ಮಕ್ಕಳನ್ನು ಮಲಗಿಸುವುದಂತೂ ಕೂಡದು. ಮಾಳಿಗೆಯ ಮೇಲಿನ ಹೆಚ್ಚಿನ ಮಣ್ಣು ಇಳಿಸಿ ಒಂದು ಗೇಣಿನಷ್ಟು ಉಳಿಸುವುದು, ಗೋಡೆಗೆ ಅಡ್ಡಲಾಗಿ ಉದ್ದ ಕಲ್ಲು ಕೂಡಿಸುವುದು, ಮಣ್ಣಿನ ಗೋಡೆಗೆ ಸಿಮೆಂಟು ಬಳಿದು ತೇವವನ್ನು ಒಳಗೇ ಕಟ್ಟಿಹಾಕದಿರುವುದು: ಇವೆಲ್ಲ ಊರಿನ ಗೌಂಡಿಯೇ ಮಾಡಬಲ್ಲ ಕೆಲಸಗಳು.

ಪ್ರತಿ ಗ್ರಾಮ ಪಂಚಾಯಿತಿಯೂ ರೋಹಿಣಿ ಮಳೆಯ ಹೊತ್ತಿಗೆ ಒಬ್ಬ ಎಂಜಿನಿಯರು, ಒಬ್ಬ ಹಿರಿಯ ಗೌಂಡಿಯನ್ನು ಕರೆದುಕೊಂಡು ಊರು ಸುತ್ತಲಿ. ಆಸರೆ ಕೊಡಬೇಕಾದ ಗೋಡೆ ಯಾವುದು, ಇಳಿಸಲೇಬೇಕಾದದ್ದು ಯಾವುದು ಎಂದು ಗುರುತು ಹಾಕಲಿ. ಇಳಿಸುವ ಮೊದಲು ಅದರ ಫೋಟೊ, ಅಳತೆ ದಾಖಲಾಗಲಿ. ಹುಡೇವಿನ ಬುಡದಿಂದ ಮಣ್ಣು ಒಯ್ಯುವುದನ್ನು ನಿಲ್ಲಿಸಲು ಮಾತ್ರ ಯಾವ ಅನುದಾನಕ್ಕೂ ಕಾಯಬೇಕಿಲ್ಲ. ಅದನ್ನು ಊರವರು ಇಂದೇ ನಿಲ್ಲಿಸಬೇಕು.