ಬಿಸಿ ಹಬೆ, ತಣ್ಣನೆಯ ತುಂತುರು

ಪಾಂಡವಪುರದ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬಿಳಿಯ ಹಬೆ ಏಳುತ್ತದೆ. ಶ್ರೀರಂಗಪಟ್ಟಣದ ಬಳಿಯ ಬಲಮುರಿಯಲ್ಲಿಯೂ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿಯೂ ಕಟ್ಟೆಯಿಂದ ಧುಮುಕುವ ಹೊಳೆ ತುಂತುರಾಗಿ ಗಾಳಿಯನ್ನು ಸೇರುತ್ತದೆ. ನೋಟಕ್ಕೆ ಎರಡೂ ಒಂದೇ. ಆದರೆ ಒಂದು ಉಷ್ಣದ ಕಾರ್ಯ, ಇನ್ನೊಂದು ಬಡಿತದ ಕಾರ್ಯ. ಉರಿ ಮಿತಿಮೀರಿದರೆ ಕೊಪ್ಪರಿಗೆಯ ಪಾಕ ಸೀದು ಕಹಿಯಾಗುವುದು. ತುಂತುರಿನಲ್ಲಿ ನೀರು ನೀರಾಗಿಯೇ ಉಳಿಯುವುದು.

ವಿದ್ಯುನ್ಮಾನ ಸಿಗರೇಟು ಕೊಪ್ಪರಿಗೆಯ ಜಾತಿಗೆ ಸೇರಿದುದು. ಅದರೊಳಗಿನ ಲೋಹದ ಸುರುಳಿಯು ಬ್ಯಾಟರಿಯ ವಿದ್ಯುತ್ತಿನಿಂದ ಕಾದು, ಗ್ಲಿಸರಿನ್ ಮತ್ತು ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ಶಾಖ ಅತಿಯಾದಲ್ಲಿ ದ್ರವವು ಒಡೆದು ಫಾರ್ಮಾಲ್ಡಿಹೈಡ್‌ನಂತಹ ವಿಷವಸ್ತುಗಳು ಹುಟ್ಟುತ್ತವೆ. ಸುರುಳಿಯ ಬದಲು ಶ್ರವಣಾತೀತ ಶಬ್ದದ ನೆಬ್ಯುಲೈಸರನ್ನು ಬಳಸಬಹುದೆಂಬ ಆಲೋಚನೆಗೆ ಇದೇ ಕಾರಣ.

ನಾಗಮಂಗಲವು ಕಂಚಿನ ಎರಕಕ್ಕೆ ಹೆಸರಾದ ಊರು. ಅಂತಹ ಕಂಚಿನ ಪಾತ್ರೆಯಲ್ಲಿ ನೀರು ತುಂಬಿ ಅಂಚನ್ನು ತಟ್ಟಿದರೆ ನೀರಿನ ಮೈ ನಡುಗುತ್ತದೆ. ಕಂಪನವು ಬಹಳ ವೇಗವಾದರೆ ಆ ಅಲೆಗಳ ತುದಿಯಿಂದ ಸೂಕ್ಷ್ಮ ಹನಿಗಳೇ ಸಿಡಿಯುವುವು. ಕೆಲವು ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದರು. ಇದರ ವಿಲೋಮವೂ ಸತ್ಯ: ವಿದ್ಯುತ್ತನ್ನು ಹಾಯಿಸಿದರೆ ಸ್ಫಟಿಕ ಕಂಪಿಸುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳೇ ಮೇಲಿನ ಎಲ್ಲೆ. ನೆಬ್ಯುಲೈಸರಿನ ಸ್ಫಟಿಕವಾದರೋ ಹತ್ತು ಲಕ್ಷಕ್ಕೂ ಮಿಗಿಲಾಗಿ ಕಂಪಿಸುತ್ತದೆ. ಹೀಗೆ ಸಿಡಿದ ಹನಿಗಳ ಅಗಲ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಆದುದರಿಂದಲೇ ಉಬ್ಬಸದ ಔಷಧವನ್ನು ಶ್ವಾಸಕೋಶದ ಆಳಕ್ಕೆ ಮುಟ್ಟಿಸಲು ಇದು ವೈದ್ಯರಿಗೆ ಒದಗಿತು.

ಹೀಗಿರಲು, ಸಿಗರೇಟಿನ ದೋಷ ಇದರಿಂದ ನೀಗುವುದೇ? ಸ್ಫಟಿಕವೂ ದ್ರವವನ್ನು ಕೊಂಚ ಬೆಚ್ಚಗಾಗಿಸುತ್ತದೆ, ಆದರೆ ಸೀಯುವಷ್ಟಲ್ಲ. ಆ ಮಟ್ಟಿಗೆ ಲಾಭವುಂಟು. ನಿಕೋಟಿನ್ ಮಾತ್ರ ಶಾಖದಿಂದ ಹುಟ್ಟಿದುದಲ್ಲ, ದ್ರವದಲ್ಲಿ ಮೊದಲೇ ಇರುವುದು. ಔಷಧಕ್ಕೆ ದಾರಿಮಾಡುವ ಹನಿಯ ಸೂಕ್ಷ್ಮತೆಯೇ ನಿಕೋಟಿನ್‌ಗೂ ದಾರಿಮಾಡುತ್ತದೆ. ಅದು ರಕ್ತದ ಮೂಲಕ ಮೆದುಳನ್ನು ಸೇರಿ ಚಟವನ್ನು ಬೇರೂರಿಸುತ್ತದೆ. ಬೆಳೆಯುತ್ತಿರುವ ಮೆದುಳು ಇದಕ್ಕೆ ಬೇಗ ವಶವಾಗುವುದು.

ಈ ಆಲೋಚನೆ ಹೊಸತೂ ಅಲ್ಲ. 2003ರಲ್ಲಿ ಚೀನದ ಔಷಧತಜ್ಞ ಹೊನ್ ಲಿಕ್ ರೂಪಿಸಿದ ವಿದ್ಯುನ್ಮಾನ ಸಿಗರೇಟಿನಲ್ಲಿ ಇದ್ದುದು ಶ್ರವಣಾತೀತ ಕಂಪನವೇ. ಕಾಯುವ ಸುರುಳಿ ಅನಂತರ ಬಂದಿತು. ಕರ್ನಾಟಕವು 2016ರಲ್ಲಿಯೂ ಭಾರತವು 2019ರಲ್ಲಿಯೂ ವಿದ್ಯುನ್ಮಾನ ಸಿಗರೇಟನ್ನು ನಿಷೇಧಿಸಿದವು. ಕೇಂದ್ರದ ಅಧಿನಿಯಮವು ಕಾಯಿಸುವ ಸಾಧನವನ್ನು ಹೆಸರಿಸಿ, ನಿಕೋಟಿನ್ ಒದಗಿಸುವ ಎಲ್ಲ ಬಗೆಯ ವಿದ್ಯುನ್ಮಾನ ಸಾಧನಗಳನ್ನೂ ಅದರೊಡನೆ ಸೇರಿಸಿದೆ.