ಕನಿಷ್ಠ ಶಿಲ್ಕು ದಂಡ ಮತ್ತು ಅದರ ಮರುಪಾವತಿ

ಕನಿಷ್ಠ ಶಿಲ್ಕು ದಂಡ ಎಂದರೆ ಉಳಿತಾಯ ಖಾತೆಯಲ್ಲಿ ಬ್ಯಾಂಕು ಗೊತ್ತುಪಡಿಸಿದ ಮೊತ್ತಕ್ಕಿಂತ ಕಡಿಮೆ ಹಣವಿದ್ದಾಗ ಆ ಬ್ಯಾಂಕು ಖಾತೆಯಿಂದ ಕಳೆದುಕೊಳ್ಳುವ ಶುಲ್ಕ. ಖಾತೆಯಲ್ಲಿ ಹಣ ಕಡಿಮೆ ಇದ್ದವರಿಂದಲೇ ವಸೂಲಾಗುವುದರಿಂದ ಇದರ ಭಾರ ಹೆಚ್ಚಾಗಿ ಬೀಳುವುದು ಕೆಲಸ ಕಳೆದುಕೊಂಡವರು, ಸಣ್ಣ ಪಿಂಚಣಿದಾರರು, ದಿನಗೂಲಿಯವರು ಮತ್ತು ವಿದ್ಯಾರ್ಥಿಗಳ ಮೇಲೆ. ಭಾರತೀಯ ರಿಸರ್ವ್ ಬ್ಯಾಂಕು ಈ ದಂಡವನ್ನು ನಿಷೇಧಿಸಿಲ್ಲ. ಆದರೆ ಅದನ್ನು ವಿಧಿಸುವ ಕ್ರಮಕ್ಕೆ ಕೆಲವು ಷರತ್ತುಗಳನ್ನು ಹಾಕಿದೆ. ಆ ಷರತ್ತುಗಳನ್ನು ಪಾಲಿಸದೆ ಕಳೆದ ಹಣವನ್ನು ಹಿಂದಕ್ಕೆ ಕೇಳಲು ಗ್ರಾಹಕರಿಗೆ ಅವಕಾಶವಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ಈ ದಂಡ ವ್ಯಾಪಕ ಚರ್ಚೆಗೆ ಬಂದದ್ದು 2017ರಲ್ಲಿ. 1913ರಲ್ಲಿ ಸ್ಥಾಪನೆಯಾಗಿ ಜನರ ಬಾಯಲ್ಲಿ ‘ಮೈಸೂರು ಬ್ಯಾಂಕ್’ ಎಂದೇ ಉಳಿದಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಕೆಲವು ವರ್ಷಗಳಿಂದ ಕೈಬಿಟ್ಟಿದ್ದ ಕನಿಷ್ಠ ಶಿಲ್ಕು ದಂಡವನ್ನು ಸ್ಟೇಟ್ ಬ್ಯಾಂಕು ಮತ್ತೆ ಜಾರಿಗೆ ತಂದದ್ದೂ ಅದೇ ದಿನ. ಹೀಗಾಗಿ ಬಸವನಗುಡಿ, ತ್ಯಾಗರಾಜನಗರ, ಜಯನಗರ, ಬನಶಂಕರಿಯಂತಹ ಹಳೆಯ ಬಡಾವಣೆಗಳ ಗ್ರಾಹಕರು ಬ್ಯಾಂಕಿನ ಹೆಸರಿನ ಬದಲಾವಣೆಯನ್ನೂ ಹೊಸ ದಂಡದ ನಿಯಮವನ್ನೂ ಒಟ್ಟಿಗೇ ಎದುರಿಸಬೇಕಾಯಿತು. ಬೆಂಗಳೂರು ಮಹಾನಗರಗಳ ವರ್ಗಕ್ಕೆ ಸೇರಿದ್ದರಿಂದ ಇಲ್ಲಿನ ಶಾಖೆಗಳಿಗೆ ಅತಿ ಹೆಚ್ಚಿನ ಮಿತಿಯೇ ಅನ್ವಯಿಸಿತು. ಮಾಸಿಕ ಸರಾಸರಿ ಶಿಲ್ಕು ₹5,000 ಇರಬೇಕಾಗಿತ್ತು. ಕೊರತೆಯಾದರೆ ತಿಂಗಳಿಗೆ ₹100ರವರೆಗೆ ದಂಡ ಮತ್ತು ಅದರ ಮೇಲೆ ತೆರಿಗೆ ಬೀಳುತ್ತಿತ್ತು.

2017ರ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ ಸ್ಟೇಟ್ ಬ್ಯಾಂಕು ಈ ಬಾಬ್ತಿನಲ್ಲಿ ಸುಮಾರು ₹1,772 ಕೋಟಿ ಸಂಗ್ರಹಿಸಿತು. ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಬ್ಯಾಂಕು ಗಳಿಸಿದ ಲಾಭ ಸುಮಾರು ₹1,582 ಕೋಟಿ. ಸಾರ್ವಜನಿಕ ಟೀಕೆಯ ಬಳಿಕ 2017ರ ಅಕ್ಟೋಬರ್‌ನಲ್ಲಿ ಮಹಾನಗರಗಳ ಮಿತಿಯನ್ನು ₹3,000ಕ್ಕೆ ಇಳಿಸಿ, ಪಿಂಚಣಿದಾರರಿಗೂ ಅಪ್ರಾಪ್ತ ವಯಸ್ಕರಿಗೂ ವಿನಾಯಿತಿ ನೀಡಲಾಯಿತು. 2018ರ ಏಪ್ರಿಲ್‌ನಲ್ಲಿ ಗರಿಷ್ಠ ದಂಡವನ್ನು ₹50ರಿಂದ ₹15ಕ್ಕೆ ಇಳಿಸಲಾಯಿತು. 2020ರ ಮಾರ್ಚ್‌ನಲ್ಲಿ ಸ್ಟೇಟ್ ಬ್ಯಾಂಕು ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಶಿಲ್ಕಿನ ನಿಯಮವನ್ನು ರದ್ದುಪಡಿಸಿತು. ಇತರ ಬ್ಯಾಂಕುಗಳಲ್ಲಿ ಅದು ಮುಂದುವರಿಯಿತು. ಸಂಸತ್ತಿಗೆ ನೀಡಿದ ಮಾಹಿತಿಯಂತೆ, 2019–20ರಿಂದ 2023–24ರವರೆಗಿನ ಐದು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಸಂಗ್ರಹಿಸಿದ ಇಂತಹ ದಂಡ ಸುಮಾರು ₹8,500 ಕೋಟಿ.

ದಂಡದ ಲೆಕ್ಕ

ಬಹುತೇಕ ಬ್ಯಾಂಕುಗಳು ಮಾಸಿಕ ಸರಾಸರಿ ಶಿಲ್ಕನ್ನು ಆಧಾರವಾಗಿಟ್ಟುಕೊಳ್ಳುತ್ತವೆ. ತಿಂಗಳ ಪ್ರತಿದಿನದ ಅಂತ್ಯದಲ್ಲಿ ಉಳಿದ ಮೊತ್ತಗಳನ್ನು ಕೂಡಿಸಿ, ಆ ತಿಂಗಳ ದಿನಗಳ ಸಂಖ್ಯೆಯಿಂದ ಭಾಗಿಸಿದರೆ ಅದು ದೊರೆಯುತ್ತದೆ. ಒಂದೆರಡು ದಿನ ಹಣ ಕಡಿಮೆಯಾದ ಮಾತ್ರಕ್ಕೆ ದಂಡ ಬೀಳುವುದಿಲ್ಲ. ಹಾಗೆಯೇ ತಿಂಗಳ ಆರಂಭದಲ್ಲಿ ಸಂಬಳ ಜಮೆಯಾದ ಮಾತ್ರಕ್ಕೆ ದಂಡ ತಪ್ಪುವುದೂ ಇಲ್ಲ.

ಉದಾಹರಣೆಗೆ, ತ್ಯಾಗರಾಜನಗರದ ಶಾಖೆಯೊಂದರಲ್ಲಿ ಖಾತೆ ಹೊಂದಿರುವ, ತಿಂಗಳಿಗೆ ₹12,000 ಸಂಪಾದಿಸುವ ಗ್ರಾಹಕರೊಬ್ಬರನ್ನು ಊಹಿಸಿಕೊಳ್ಳಬಹುದು. ಮೂವತ್ತು ದಿನಗಳ ತಿಂಗಳಿನಲ್ಲಿ ಮೊದಲ ಐದು ದಿನ ಖಾತೆಯಲ್ಲಿ ₹12,000 ಇದ್ದು, ಮನೆ ಬಾಡಿಗೆ ಮತ್ತು ದಿನಸಿಗೆ ಹಣ ತೆಗೆದ ಬಳಿಕ ಉಳಿದ ಇಪ್ಪತ್ತೈದು ದಿನ ₹1,500 ಇದೆ ಎನ್ನೋಣ. ಆಗ ದಿನಾಂತ್ಯದ ಶಿಲ್ಕುಗಳ ಮೊತ್ತ ₹97,500, ಸರಾಸರಿ ₹3,250. ಬ್ಯಾಂಕಿನ ಮಿತಿ ₹5,000 ಆಗಿದ್ದರೆ ಕೊರತೆ ₹1,750. ದಂಡದ ದರ ಕೊರತೆಯ ಶೇ 6 ಆಗಿದ್ದರೆ ₹105 ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ ₹18.90 ಸೇರಿ ಒಟ್ಟು ₹123.90 ಕಡಿತವಾಗುತ್ತದೆ. ಇದೇ ಸ್ಥಿತಿ ಒಂದು ವರ್ಷ ಮುಂದುವರಿದರೆ ಹೋಗುವ ಹಣ ₹1,486.80. ಪ್ರತಿ ಕಡಿತವೂ ಶಿಲ್ಕನ್ನು ಇನ್ನಷ್ಟು ತಗ್ಗಿಸುವುದರಿಂದ ಮುಂದಿನ ತಿಂಗಳ ಕೊರತೆ ಮತ್ತೂ ಹೆಚ್ಚುತ್ತದೆ.

ರಿಸರ್ವ್ ಬ್ಯಾಂಕಿನ ಷರತ್ತುಗಳು

ಗ್ರಾಹಕರ ಕಷ್ಟವನ್ನಾಗಲಿ ಅಲಕ್ಷ್ಯವನ್ನಾಗಲಿ ಬ್ಯಾಂಕುಗಳು ಅನುಚಿತವಾಗಿ ಬಳಸಿಕೊಳ್ಳಬಾರದು ಎಂಬ ನಿಲುವನ್ನು ರಿಸರ್ವ್ ಬ್ಯಾಂಕು 2014ರ ಏಪ್ರಿಲ್‌ನ ತನ್ನ ನೀತಿ ಪ್ರಕಟಣೆಯಲ್ಲಿ ವ್ಯಕ್ತಪಡಿಸಿತು. ಅದೇ ವರ್ಷದ ನವೆಂಬರ್ 20ರಂದು ಹೊರಡಿಸಿದ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಮುಖ್ಯ ಅಂಶಗಳು ಇವು:

1. ಶಿಲ್ಕು ಮಿತಿಗಿಂತ ಕೆಳಗಿಳಿದಾಗ ಬ್ಯಾಂಕು ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದಂತಹ ಸ್ಪಷ್ಟ ವಿಧಾನದಲ್ಲಿ ಗ್ರಾಹಕರಿಗೆ ತಿಳಿಸಬೇಕು.
2. ಹಾಗೆ ತಿಳಿಸಿದ ದಿನದಿಂದ ಕನಿಷ್ಠ ಒಂದು ತಿಂಗಳ ಕಾಲಾವಕಾಶ ನೀಡಬೇಕು. ಅಷ್ಟರೊಳಗೆ ಕೊರತೆಯನ್ನು ತುಂಬದಿದ್ದರೆ ಮಾತ್ರ ದಂಡ ವಿಧಿಸಬಹುದು.
3. ದಂಡವು ಕೊರತೆಯ ಪ್ರಮಾಣಕ್ಕೆ ಅನುಗುಣವಾಗಿರಬೇಕು. ₹100 ಕಡಿಮೆ ಇದ್ದವರಿಗೂ ₹4,000 ಕಡಿಮೆ ಇದ್ದವರಿಗೂ ಒಂದೇ ದಂಡ ಸಲ್ಲದು.
4. ದಂಡವು ನ್ಯಾಯಸಮ್ಮತವಾಗಿರಬೇಕು, ಸೇವೆ ಒದಗಿಸಲು ಬ್ಯಾಂಕಿಗೆ ತಗಲುವ ಸರಾಸರಿ ವೆಚ್ಚಕ್ಕೆ ಹೊಂದಿಕೆಯಾಗಿರಬೇಕು.
5. ದಂಡದ ಕಾರಣದಿಂದಲೇ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದು.

ಮರುಪಾವತಿ ಕೇಳುವವರಿಗೆ ಈ ಐದೂ ಮುಖ್ಯ ಆಧಾರಗಳು. ಪಾಸ್‌ಪುಸ್ತಕದಲ್ಲಿ ದಂಡದ ನಮೂದು ಇದ್ದು, ಅದಕ್ಕೆ ಒಂದು ತಿಂಗಳು ಮೊದಲು ಯಾವ ಸೂಚನೆಯೂ ಬಂದಿರದಿದ್ದರೆ ಮೊದಲ ಎರಡು ಷರತ್ತುಗಳು ಮುರಿದಂತಾಗುತ್ತದೆ. ಆದ್ದರಿಂದ ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಯನ್ನೂ ವಿಳಾಸವನ್ನೂ ಸರಿಯಾಗಿ ಇಟ್ಟುಕೊಳ್ಳುವುದು ಗ್ರಾಹಕರ ಹಿತಕ್ಕೆ ಅಗತ್ಯ.

ದಂಡ ವಿಧಿಸಬಾರದ ಖಾತೆಗಳು

ಮೂಲ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕಿನ ನಿಯಮವೇ ಇಲ್ಲ. 2012ರಲ್ಲಿ ರಿಸರ್ವ್ ಬ್ಯಾಂಕು ಈ ಬಗೆಯ ಖಾತೆಯನ್ನು ಎಲ್ಲರಿಗೂ ದೊರೆಯುವಂತೆ ಮಾಡಿತು. 2014ರ ಆಗಸ್ಟ್ 28ರಂದು ಆರಂಭವಾದ ಪ್ರಧಾನಮಂತ್ರಿ ಜನಧನ ಯೋಜನೆಯ ಖಾತೆಗಳೂ ಇದೇ ವರ್ಗಕ್ಕೆ ಸೇರುತ್ತವೆ. ಎಟಿಎಂ ಕಾರ್ಡು ಮತ್ತು ತಿಂಗಳಿಗೆ ನಾಲ್ಕು ಬಾರಿ ಹಣ ತೆಗೆಯುವ ಸೌಲಭ್ಯ ಇದರಲ್ಲಿ ಉಚಿತ. ಸಾಮಾನ್ಯ ಉಳಿತಾಯ ಖಾತೆ ಇರುವವರು ಅರ್ಜಿ ಸಲ್ಲಿಸಿ ಅದನ್ನು ಮೂಲ ಉಳಿತಾಯ ಖಾತೆಯಾಗಿ ಪರಿವರ್ತಿಸಿಕೊಳ್ಳಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ವರಮಾನ ಕುಸಿದವರಿಗೆ ಮುಂದಿನ ಕಡಿತಗಳನ್ನು ತಡೆಯುವ ಖಚಿತ ಮಾರ್ಗ ಇದು.

ನಿಷ್ಕ್ರಿಯ ಖಾತೆಗಳಿಗೂ ಕನಿಷ್ಠ ಶಿಲ್ಕು ದಂಡ ವಿಧಿಸುವಂತಿಲ್ಲ. ಸರ್ಕಾರಿ ವಿದ್ಯಾರ್ಥಿವೇತನಕ್ಕಾಗಿ ಅಥವಾ ನೇರ ನಗದು ವರ್ಗಾವಣೆಗಾಗಿ ಶೂನ್ಯ ಶಿಲ್ಕಿನಲ್ಲಿ ತೆರೆದ ಖಾತೆಗಳಿಗೂ ಈ ದಂಡ ಅನ್ವಯಿಸದು. ಆದರೆ ವಿದ್ಯಾರ್ಥಿವೇತನ, ವೃದ್ಧಾಪ್ಯ ವೇತನ ಅಥವಾ ಗೃಹಲಕ್ಷ್ಮಿಯ ₹2,000 ಸಾಮಾನ್ಯ ಉಳಿತಾಯ ಖಾತೆಗೆ ಬರುತ್ತಿದ್ದರೆ, ಹಣ ಸರ್ಕಾರದ್ದು ಎಂಬ ಕಾರಣದಿಂದ ಮಾತ್ರ ದಂಡ ತಾನಾಗಿಯೇ ನಿಲ್ಲುವುದಿಲ್ಲ. ಖಾತೆಯ ವರ್ಗ ಯಾವುದೆಂದು ಶಾಖೆಯಲ್ಲಿ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ಮರುಪಾವತಿ ಕೇಳುವ ಕ್ರಮ

ಮೊದಲ ಹಂತ ಶಾಖೆ. ಪಾಸ್‌ಪುಸ್ತಕ ಅಥವಾ ಖಾತಾ ವಿವರಪಟ್ಟಿಯಲ್ಲಿ ಪ್ರತಿಯೊಂದು ಕಡಿತವನ್ನೂ ಗುರುತಿಸಿ ದಿನಾಂಕ, ಮೊತ್ತ ಮತ್ತು ತೆರಿಗೆಯನ್ನು ಪಟ್ಟಿಮಾಡಬೇಕು. ಅರ್ಜಿಯಲ್ಲಿ ಖಾತೆಯ ಸಂಖ್ಯೆ, ಕಡಿತಗಳ ಪಟ್ಟಿ, ಮುರಿದ ಷರತ್ತು ಯಾವುದು ಎಂಬ ಹೇಳಿಕೆ ಮತ್ತು ಮರಳಬೇಕಾದ ಒಟ್ಟು ಮೊತ್ತ ಇರಬೇಕು. ಕೆಲಸ ಹೋದದ್ದು, ಕಾಯಿಲೆ, ಮನೆಯಲ್ಲಿ ದುಡಿಯುವವರ ಮರಣ ಮೊದಲಾದ ಕಷ್ಟವಿದ್ದರೆ ಅದನ್ನೂ ದಾಖಲೆಯೊಡನೆ ತಿಳಿಸಬಹುದು. ಅರ್ಜಿಯ ಪ್ರತಿಯ ಮೇಲೆ ದಿನಾಂಕವಿರುವ ಶಾಖೆಯ ಮುದ್ರೆ ಹಾಕಿಸಿಕೊಳ್ಳುವುದು ಮುಖ್ಯ; ಮುಂದಿನ ಹಂತಗಳ ಅವಧಿಯ ಲೆಕ್ಕ ಆ ದಿನಾಂಕದಿಂದಲೇ ಆರಂಭವಾಗುತ್ತದೆ. ಬಾಯಿಮಾತಿನ ವಿನಂತಿಗೆ ದಾಖಲೆ ಉಳಿಯುವುದಿಲ್ಲ.

ಎರಡನೆಯ ಹಂತ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. 2021ರ ನವೆಂಬರ್ 12ರಂದು ಜಾರಿಗೆ ಬಂದ ಸಮಗ್ರ ಓಂಬುಡ್ಸ್‌ಮನ್ ಯೋಜನೆಯ ಪ್ರಕಾರ, ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ ಅಥವಾ ಅದರ ಉತ್ತರ ತೃಪ್ತಿಕರವಾಗಿರದಿದ್ದರೆ ಗ್ರಾಹಕರು ದೂರು ಸಲ್ಲಿಸಬಹುದು. ಬ್ಯಾಂಕಿನ ಉತ್ತರ ಬಂದ ದಿನದಿಂದ ಒಂದು ವರ್ಷದೊಳಗೆ ದೂರು ಸಲ್ಲಿಕೆಯಾಗಬೇಕು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ರಿಸರ್ವ್ ಬ್ಯಾಂಕಿನ ದೂರು ನಿರ್ವಹಣಾ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಕಾಗದದ ಮೇಲೆ ಬರೆಯುವವರು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸಬೇಕು. ಉಚಿತ ದೂರವಾಣಿ ಸಂಖ್ಯೆ 14448ರಲ್ಲಿ ಕನ್ನಡದಲ್ಲಿಯೂ ಮಾಹಿತಿ ದೊರೆಯುತ್ತದೆ. ಗ್ರಾಹಕರ ಸಮಯ ವ್ಯರ್ಥವಾದುದಕ್ಕೆ ಮತ್ತು ಅವರು ಅನುಭವಿಸಿದ ಮಾನಸಿಕ ಕಿರುಕುಳಕ್ಕೆ ₹1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ 2021ರ ಯೋಜನೆಯಲ್ಲಿ ಓಂಬುಡ್ಸ್‌ಮನ್‌ಗೆ ಇದೆ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬ್ಯಾಂಕಿಂಗ್ ಕೂಡ ‘ಸೇವೆ’ಯ ವ್ಯಾಪ್ತಿಗೆ ಬರುತ್ತದೆ. ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ಇಲ್ಲಿ ದೂರು ನೀಡಬೇಕು. ಆದರೆ ಒಂದೇ ವಿಷಯವನ್ನು ಏಕಕಾಲದಲ್ಲಿ ಎರಡೂ ಕಡೆ ನಡೆಸಲಾಗದು. ಆಯೋಗದಲ್ಲಿ ವಿಚಾರಣೆಯಲ್ಲಿರುವ ದೂರನ್ನು ಓಂಬುಡ್ಸ್‌ಮನ್ ಪರಿಗಣಿಸುವುದಿಲ್ಲ.

ಮಿತಿಗಳು

ಆರ್ಥಿಕ ಸಂಕಷ್ಟವೊಂದೇ ಮರುಪಾವತಿಯ ಹಕ್ಕನ್ನು ನೀಡುವುದಿಲ್ಲ. ಬ್ಯಾಂಕು ಮುಂಚಿತವಾಗಿ ತಿಳಿಸಿ, ಒಂದು ತಿಂಗಳ ಅವಕಾಶ ಕೊಟ್ಟು, ಕೊರತೆಗೆ ಅನುಗುಣವಾಗಿ ದಂಡ ಹಾಕಿದ್ದರೆ ಅದು ನಿಯಮಬದ್ಧವೇ ಆಗಿರುತ್ತದೆ. ಅಂತಹ ಸಂದರ್ಭದಲ್ಲಿ ಹಣ ಮರಳುವುದು ಬ್ಯಾಂಕಿನ ಸೌಜನ್ಯವನ್ನು ಅವಲಂಬಿಸಿದೆ. ಬ್ಯಾಂಕಿನ ವಾಣಿಜ್ಯ ನಿರ್ಧಾರಗಳನ್ನು ಓಂಬುಡ್ಸ್‌ಮನ್ ಪ್ರಶ್ನಿಸುವಂತಿಲ್ಲ. ಆದ್ದರಿಂದ ಮಿತಿಯೇ ಅನ್ಯಾಯ ಎಂಬ ವಾದಕ್ಕಿಂತ, ಇಂತಹ ದಿನ ಇಂತಹ ಷರತ್ತು ಪಾಲನೆಯಾಗಿಲ್ಲ ಎಂಬ ವಾದಕ್ಕೆ ಹೆಚ್ಚು ಬಲವಿರುತ್ತದೆ. ಕಷ್ಟದ ವಿವರಣೆ ಅರ್ಜಿಗೆ ಪೂರಕವಾಗಬಹುದೇ ಹೊರತು ನಿಯಮಭಂಗದ ಆಧಾರಕ್ಕೆ ಬದಲಿಯಾಗದು.

ಮರುಪಾವತಿಯ ನಿದರ್ಶನಗಳು

ವ್ಯಾಪಕ ಸಂಕಷ್ಟದ ಕಾಲದಲ್ಲಿ ಸರ್ಕಾರದ ಅಥವಾ ನ್ಯಾಯಾಲಯದ ಆದೇಶದಿಂದ ಹಣ ಮರಳಿರುವುದುಂಟು. ಕೋವಿಡ್ ಅವಧಿಯಲ್ಲಿ ಸಾಲದ ಕಂತುಗಳನ್ನು ಮುಂದೂಡಲು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಅವಕಾಶ ನೀಡಲಾಗಿತ್ತು. ಆ ಅವಧಿಯ ಬಡ್ಡಿಯ ಮೇಲಿನ ಬಡ್ಡಿಗೆ ಸಂಬಂಧಿಸಿ, ₹2 ಕೋಟಿವರೆಗಿನ ಸಾಲಗಾರರ ಖಾತೆಗಳಿಗೆ ಚಕ್ರಬಡ್ಡಿ ಮತ್ತು ಸರಳಬಡ್ಡಿಗಳ ನಡುವಿನ ವ್ಯತ್ಯಾಸವನ್ನು ಜಮಾ ಮಾಡುವ ಯೋಜನೆಯನ್ನು ಕೇಂದ್ರ ಸರ್ಕಾರ ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. 2021ರ ಮಾರ್ಚ್ 23ರಂದು ಸರ್ವೋಚ್ಚ ನ್ಯಾಯಾಲಯವು ಸಾಲದ ಮೊತ್ತ ಎಷ್ಟೇ ಇದ್ದರೂ ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ ಪಡೆಯುವಂತಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು ಅಥವಾ ಮುಂದಿನ ಕಂತಿಗೆ ಹೊಂದಿಸಬೇಕು ಎಂದು ತೀರ್ಪು ನೀಡಿತು.

ಮೂಲ ಉಳಿತಾಯ ಖಾತೆದಾರರು ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಬಾರಿ ಹಣ ಪಾವತಿಸಿದಾಗ, ಯುಪಿಐ ಮತ್ತು ರುಪೇ ಪಾವತಿಗಳಿಗೂ ಸ್ಟೇಟ್ ಬ್ಯಾಂಕು ತಲಾ ₹17.70 ಕಳೆದುಕೊಂಡಿತ್ತು. 2020ರ ಆಗಸ್ಟ್ 30ರಂದು ಕೇಂದ್ರೀಯ ನೇರ ತೆರಿಗೆ ಮಂಡಳಿಯು, ಆ ವರ್ಷದ ಜನವರಿ 1ರ ನಂತರ ಇಂತಹ ಡಿಜಿಟಲ್ ಪಾವತಿಗಳಿಗೆ ಪಡೆದ ಶುಲ್ಕವನ್ನು ಎಲ್ಲ ಬ್ಯಾಂಕುಗಳೂ ಮರಳಿಸಬೇಕೆಂದು ಸೂಚಿಸಿತು.

2024ರ ಜುಲೈನ ವಯನಾಡು ಭೂಕುಸಿತದ ಸಂತ್ರಸ್ತರಿಗೆ ಬಂದ ಪರಿಹಾರದ ಹಣದಿಂದ ಕೇರಳ ಗ್ರಾಮೀಣ ಬ್ಯಾಂಕು ಸಾಲದ ಕಂತುಗಳನ್ನು ಕಳೆದುಕೊಂಡದ್ದು ತೀವ್ರ ಪ್ರತಿಭಟನೆಗೆ ಕಾರಣವಾಯಿತು. ಬಳಿಕ ಆ ಹಣವನ್ನು ಮರಳಿಸಲಾಯಿತು.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆದವರಿಗೆ ಹಾಕುತ್ತಿದ್ದ ಶುಲ್ಕಗಳ ವಿರುದ್ಧ 2000ರ ದಶಕದ ಮಧ್ಯಭಾಗದಲ್ಲಿ ಅಸಂಖ್ಯ ಗ್ರಾಹಕರು ಬ್ಯಾಂಕುಗಳಿಗೆ ಪತ್ರ ಬರೆದು ಹಣ ಹಿಂಪಡೆದರು. ಆದರೆ 2009ರ ನವೆಂಬರ್ 25ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಬ್ಯಾಂಕುಗಳ ಪರವಾಗಿ ತೀರ್ಪಿತ್ತಿತು. ಆಸ್ಟ್ರೇಲಿಯದಲ್ಲಿಯೂ ಕ್ರೆಡಿಟ್ ಕಾರ್ಡಿನ ವಿಳಂಬ ಶುಲ್ಕದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 2016ರಲ್ಲಿ ಬ್ಯಾಂಕೇ ಗೆದ್ದಿತು.

ಇತ್ತೀಚಿನ ಬದಲಾವಣೆಗಳು

ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಶಿಲ್ಕು ದಂಡವನ್ನು ಕೈಬಿಟ್ಟಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಮತ್ತು ಇಂಡಿಯನ್ ಬ್ಯಾಂಕ್ ಜುಲೈನಲ್ಲಿ ಅದೇ ದಾರಿ ಹಿಡಿದವು. ಖಾಸಗಿ ಬ್ಯಾಂಕುಗಳಲ್ಲಿ ಮಿತಿಗಳು ಮುಂದುವರಿದಿವೆ. ಅವನ್ನು ನಿಗದಿಪಡಿಸುವುದು ಆಯಾ ಬ್ಯಾಂಕುಗಳಿಗೆ ಬಿಟ್ಟ ವಿಷಯವೆಂದು ರಿಸರ್ವ್ ಬ್ಯಾಂಕಿನ ಗವರ್ನರ್ 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದರು. ಒಂದು ಬ್ಯಾಂಕು ದಂಡವನ್ನು ರದ್ದುಪಡಿಸಿದರೂ ಅದಕ್ಕೆ ಮೊದಲು ಕಳೆದ ಹಣ ತಾನಾಗಿ ಮರಳುವುದಿಲ್ಲ. ಅದು ನಿಯಮಕ್ಕೆ ವಿರುದ್ಧವಾಗಿ ಕಳೆದದ್ದಾಗಿದ್ದರೆ, ಅವಧಿ ಮೀರುವ ಮೊದಲು ಗ್ರಾಹಕರೇ ಲಿಖಿತವಾಗಿ ಕೇಳಬೇಕಾಗುತ್ತದೆ.