ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಕೆಮ್ಮಿ ಬದುಕಬಹುದೇ? ಏನಿದು ‘ಕಫ್ ಸಿಪಿಆರ್’?

“ನೀವು ಒಬ್ಬರೇ ಇದ್ದಾಗ ಎದೆನೋವು ಬಂದರೆ ಗಾಬರಿಯಾಗಬೇಡಿ. ಉಸಿರೆಳೆದುಕೊಂಡು ಎರಡು ಸೆಕೆಂಡಿಗೊಮ್ಮೆ ಜೋರಾಗಿ ಕೆಮ್ಮುತ್ತಿರಿ, ಪ್ರಾಣ ಉಳಿಯುತ್ತದೆ” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಇದು ನಿಜವೇ?

ಪದದ ಅರ್ಥ

ಇಲ್ಲಿ ‘ಕಫ್’ ಎಂದರೆ ನಮ್ಮ ಕಫವಲ್ಲ, ಇಂಗ್ಲಿಷಿನಲ್ಲಿ ಕೆಮ್ಮು. ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು ಸಿಪಿಆರ್. ಜೋರಾಗಿ ಕೆಮ್ಮಿದಾಗ ಎದೆಯೊಳಗೆ ಒತ್ತಡ ಹೆಚ್ಚಿ, ಮಿದುಳಿಗೆ ಸ್ವಲ್ಪ ರಕ್ತ ಹೋಗುತ್ತದೆ. ಅದಕ್ಕೇ ಈ ಹೆಸರು.

ಈ ಪದ ಫಾರ್ವರ್ಡ್‌ನಲ್ಲಿ ಹುಟ್ಟಿದ್ದಲ್ಲ. 1976ರಲ್ಲಿ ಅಮೆರಿಕದ ವೈದ್ಯ ಮೈಕಲ್ ಕ್ರೈಲಿ ಮತ್ತು ಸಂಗಡಿಗರು ಇದರ ಬಗ್ಗೆ ವರದಿ ಮಾಡಿದ್ದರು. ಆಂಜಿಯೋಗ್ರಾಮ್ ನಡೆಯುತ್ತಿದ್ದಾಗ ಹೃದಯದ ಲಯ ತಪ್ಪಿದ ಕೆಲವರು, ಕೆಮ್ಮುತ್ತಾ ಅರ್ಧ ನಿಮಿಷದ ಆಸುಪಾಸು ಎಚ್ಚರವಾಗಿದ್ದರು. ಆದರೆ ಅವರ ಪಕ್ಕದಲ್ಲೇ ವೈದ್ಯರು, ಇಸಿಜಿ, ಶಾಕ್ ಕೊಡುವ ಯಂತ್ರ ಎಲ್ಲವೂ ಇದ್ದವು.

ಫಾರ್ವರ್ಡ್ ತಪ್ಪುವುದು ಎಲ್ಲಿ?

ಹೃದಯಾಘಾತವೇ ಬೇರೆ, ಹೃದಯ ಸ್ತಂಭನವೇ ಬೇರೆ. ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ಕೆಮ್ಮಿದರೆ ಆ ತಡೆ ಕರಗುವುದಿಲ್ಲ. ಹೃದಯ ಸ್ತಂಭನದಲ್ಲಾದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಪ್ರಜ್ಞೆ ಇಲ್ಲದವರು ಕೆಮ್ಮುವುದಾದರೂ ಹೇಗೆ? ಹಾಗಾಗಿ ಮನೆಯಲ್ಲಿ, ದಾರಿಯಲ್ಲಿ ಈ ವಿಧಾನ ನೆಚ್ಚಿಕೊಳ್ಳುವುದನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಒಪ್ಪುವುದಿಲ್ಲ.

ಕೆಮ್ಮುತ್ತಾ ಕೂತ ಹತ್ತು ನಿಮಿಷದಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. ದೊಡ್ಡ ಅಪಾಯ ಇರುವುದು ಇಲ್ಲೇ.

ಹಾಗಾದರೆ ಏನು ಮಾಡಬೇಕು?

• ಎದೆ ಹಿಂಡಿದಂತಾಗುವುದು, ನೋವು ಎಡಗೈಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಉಸಿರಾಟದ ತೊಂದರೆ ಕಂಡರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.
• ಬಾಗಿಲ ಚಿಲಕ ತೆಗೆದು, ಅಕ್ಕಪಕ್ಕದವರಿಗೆ ತಿಳಿಸಿ, ಒರಗಿ ಕುಳಿತುಕೊಳ್ಳಿ. ನೀವೇ ಗಾಡಿ ಓಡಿಸಬೇಡಿ.
• ಆಸ್ಪಿರಿನ್ ತೆಗೆದುಕೊಳ್ಳಬೇಕೇ ಎಂದು ವೈದ್ಯರನ್ನೇ ಕೇಳಿ. ಅದು ಎಲ್ಲರಿಗೂ ಆಗಿಬರುವುದಿಲ್ಲ.
• ಎದುರಿಗಿದ್ದವರು ಕುಸಿದು, ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ.

ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮತ್ತು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಸಿಗುವ ವ್ಯವಸ್ಥೆ ಮಾಡಲಾಗಿದೆ. ಬೇಗ ತಲುಪಿದಷ್ಟೂ ಅದರಿಂದ ಲಾಭ ಹೆಚ್ಚು.

ತೀರ್ಮಾನ: ‘ಕಫ್ ಸಿಪಿಆರ್’ ಎಂಬ ಪದ ನಿಜ. ಒಬ್ಬರೇ ಕೆಮ್ಮಿ ಹೃದಯಾಘಾತದಿಂದ ಪಾರಾಗಬಹುದು ಎಂಬುದು ತಪ್ಪು. ಆ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಬದಲು 108 ಎಂದು ಉತ್ತರಿಸಿ.